ಜಿಸಿಸಿ 14.2 ಸೋರ್ಸ್‌ನಿಂದ ಬಿಲ್ಡ್: ಲಿಬ್‌ಜಿಸಿಸಿ ಹಂತದಲ್ಲಿ "ಕ್ಯಾನಾಟ್ ಕಂಪ್ಯೂಟ್ ಸಫಿಕ್ಸ್ ಆಫ್ ಆಬ್ಜೆಕ್ಟ್ ಫೈಲ್ಸ್" ಎಂದು ನಿಲ್ಲುತ್ತಿದೆ

ಹೊಸಬಿಲ್ಡ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

64 ಬಿಟ್ ಲಿನಕ್ಸ್ ಸರ್ವರ್‌ನಲ್ಲಿ ಜಿಸಿಸಿ (ಗ್ನು ಕಂಪೈಲರ್) 14.2.0 ಅನ್ನು ಸೋರ್ಸ್‌ನಿಂದ ಬಿಲ್ಡ್ ಮಾಡಿ ಇನ್‌ಸ್ಟಾಲ್ ಮಾಡಬೇಕಿದೆ. ಈಗ ಅದರಲ್ಲಿರುವುದು ಜಿಸಿಸಿ 4.8.5, ಜಿಲಿಬ್‌ಸಿ (ಸಿಸ್ಟಮ್‌ನ ಸಿ ಲೈಬ್ರರಿ) 2.17. ರೂಟ್ ಅನುಮತಿ ಇಲ್ಲ, ಹಾಗಾಗಿ ಎಲ್ಲವೂ ಹೋಮ್ ಡೈರೆಕ್ಟರಿಯ ಒಳಗೇ ಆಗಬೇಕು. ಯಂತ್ರಕ್ಕೆ 8 ಕೋರ್, 8 ಜಿಬಿ ರ‍್ಯಾಮ್. ಬೇಕಿರುವುದು ಸಿ ಮತ್ತು ಸಿ++ ಎರಡೇ.

ಜಿಸಿಸಿಗೆ ಬೇಕಾದ ಗಣಿತ ಲೈಬ್ರರಿಗಳಾದ ಜಿಎಂಪಿ 6.3.0, ಎಂಪಿಎಫ್‌ಆರ್ 4.2.1, ಎಂಪಿಸಿ 1.3.1 ಮೂರನ್ನೂ ಬೇರೆಬೇರೆಯಾಗಿ ಕಂಪೈಲ್ ಮಾಡಿ $ಹೋಮ್/ಗಣಿತ ಎಂಬ ಡೈರೆಕ್ಟರಿಗೆ ಇನ್‌ಸ್ಟಾಲ್ ಮಾಡಿದ್ದೇನೆ. ಆಮೇಲೆ ಪ್ರತ್ಯೇಕ ಬಿಲ್ಡ್ ಡೈರೆಕ್ಟರಿಯಲ್ಲಿ:

    ../ಜಿಸಿಸಿ-14.2.0/ಕಾನ್ಫಿಗರ್ --ಪ್ರಿಫಿಕ್ಸ್=$ಹೋಮ್/ಆಪ್ಟ್/ಜಿಸಿಸಿ-14 --ವಿತ್-ಜಿಎಂಪಿ=$ಹೋಮ್/ಗಣಿತ --ವಿತ್-ಎಂಪಿಎಫ್‌ಆರ್=$ಹೋಮ್/ಗಣಿತ --ವಿತ್-ಎಂಪಿಸಿ=$ಹೋಮ್/ಗಣಿತ --ಎನೇಬಲ್-ಲ್ಯಾಂಗ್ವೇಜಸ್=ಸಿ,ಸಿ++ --ಡಿಸೇಬಲ್-ಮಲ್ಟಿಲಿಬ್
    ಮೇಕ್ -ಜೆ8

ಕಾನ್ಫಿಗರ್ ಯಾವ ತಕರಾರೂ ಇಲ್ಲದೆ ಮುಗಿಯುತ್ತದೆ. ಮೇಕ್ ಕೂಡ ಸಾಕಷ್ಟು ಹೊತ್ತು ಓಡಿ, ಕೊನೆಗೆ "ಚೆಕಿಂಗ್ ಫಾರ್ ಸಫಿಕ್ಸ್ ಆಫ್ ಆಬ್ಜೆಕ್ಟ್ ಫೈಲ್ಸ್... ಎರರ್: ಕ್ಯಾನಾಟ್ ಕಂಪ್ಯೂಟ್ ಸಫಿಕ್ಸ್ ಆಫ್ ಆಬ್ಜೆಕ್ಟ್ ಫೈಲ್ಸ್: ಕ್ಯಾನಾಟ್ ಕಂಪೈಲ್" ಎಂದು ಹೇಳಿ, "ಕಾನ್ಫಿಗರ್-ಸ್ಟೇಜ್1-ಟಾರ್ಗೆಟ್-ಲಿಬ್‌ಜಿಸಿಸಿ" ಎಂಬಲ್ಲಿ ನಿಂತುಬಿಡುತ್ತದೆ. ಬಿಲ್ಡ್ ಡೈರೆಕ್ಟರಿಯ ಕಾನ್ಫಿಗ್.ಲಾಗ್ ಪೂರ್ತಿ ಓದಿದೆ, ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಎಲ್ಲಿ ನೋಡಬೇಕು?

ಶೆಲ್‌ಸಂಗಾತಿ

ಇದು ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಲೈಬ್ರರಿಗಳದ್ದೇ ತೊಂದರೆ. ಮೇಕ್ ಮಾಡುವ ಮುನ್ನ ಹೀಗೆ ಮಾಡಿ, ಮುಂದೆ ಹೋಗುತ್ತದೆ:

    ಎಕ್ಸ್‌ಪೋರ್ಟ್ ಎಲ್‌ಡಿ_ಲೈಬ್ರರಿ_ಪಾತ್=$ಹೋಮ್/ಗಣಿತ/ಲಿಬ್

ಲಿಂಕರ್‌ನೋಟ

ಶೆಲ್‌ಸಂಗಾತಿಯವರು ಕಾರಣವನ್ನು ಸರಿಯಾಗಿ ಹಿಡಿದಿದ್ದಾರೆ. ಆದರೆ ಆ ಪರಿಹಾರವನ್ನೇ ನೆಚ್ಚಿಕೊಳ್ಳಬೇಡಿ. ಯಾಕೆ ಎಂಬುದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಜಿಸಿಸಿ ಬಿಲ್ಡ್‌ನಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಮೊದಲು, ನೀವು ಓದಿದ ಲಾಗ್ ಬೇರೆಯದು. ಜಿಸಿಸಿಯಲ್ಲಿ ಕಾನ್ಫಿಗರ್ ಒಂದೇ ಸಲ ಓಡುವುದಿಲ್ಲ. ಮೇಲಿನ ಡೈರೆಕ್ಟರಿಯಲ್ಲಿ ಒಂದು ಸಲ ಓಡಿದ ಮೇಲೆ, ಮೇಕ್ ನಡೆಯುತ್ತಿರುವಾಗ ಒಳಗಿನ ಪ್ರತಿಯೊಂದು ಭಾಗಕ್ಕೂ ಅದರದೇ ಕಾನ್ಫಿಗರ್ ಓಡುತ್ತದೆ, ಪ್ರತಿಯೊಂದಕ್ಕೂ ಅದರದೇ ಲಾಗ್ ಇರುತ್ತದೆ. ನಿಮ್ಮ ಎರರ್ ಜಿಸಿಸಿಯ ಸಹಾಯಕ ಲೈಬ್ರರಿಯಾದ ಲಿಬ್‌ಜಿಸಿಸಿಯದು, ಆದ್ದರಿಂದ ನೋಡಬೇಕಾದ ಫೈಲ್ ಇದು:

    ಬಿಲ್ಡ್/ಎಕ್ಸ್86_64-ಪಿಸಿ-ಲಿನಕ್ಸ್-ಗ್ನು/ಲಿಬ್‌ಜಿಸಿಸಿ/ಕಾನ್ಫಿಗ್.ಲಾಗ್

ಅದರಲ್ಲಿ "ಸಿಸಿ1: ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್: ಲಿಬ್‌ಎಂಪಿಸಿ.ಎಸ್‌ಒ.3" ಎಂಬ ಸಾಲು ಸಿಗಬೇಕು. ಸಿಸಿ1 ಎಂದರೆ ಜಿಸಿಸಿಯ ಒಳಗೆ ಸಿ ಭಾಷೆಯನ್ನು ಕಂಪೈಲ್ ಮಾಡುವ ಪ್ರೋಗ್ರಾಂ. ಎಂಪಿಸಿ ಬದಲು ಲಿಬ್‌ಎಂಪಿಎಫ್‌ಆರ್.ಎಸ್‌ಒ.6 ಅಥವಾ ಲಿಬ್‌ಜಿಎಂಪಿ.ಎಸ್‌ಒ.10 ಇದ್ದರೂ ಅರ್ಥ ಅದೇ.

ಆಗಿರುವುದು ಇಷ್ಟು. ಮೇಲಿನ ಕಾನ್ಫಿಗರ್ ಈ ಲೈಬ್ರರಿಗಳನ್ನು ಪರೀಕ್ಷಿಸುವಾಗ ಒಂದು ಪುಟ್ಟ ಪ್ರೋಗ್ರಾಂ ಅನ್ನು ಲಿಂಕ್ ಮಾಡಿ ನೋಡುತ್ತದೆಯೇ ಹೊರತು ಅದನ್ನು ಓಡಿಸಿ ನೋಡುವುದಿಲ್ಲ. ಲಿಂಕ್ ಮಾಡುವ ಹೊತ್ತಿಗೆ --ವಿತ್-ಜಿಎಂಪಿ ಕೊಟ್ಟ ದಾರಿ ಲಿಂಕರ್‌ಗೆ ಗೊತ್ತಿರುತ್ತದೆ, ಪರೀಕ್ಷೆ ಪಾಸಾಗುತ್ತದೆ. ಮುಂದೆ ಬಿಲ್ಡ್‌ನ ಮೊದಲ ಹಂತವಾದ ಸ್ಟೇಜ್ 1ರಲ್ಲಿ ನಿಮ್ಮ 4.8.5 ಕಂಪೈಲರ್ ಹೊಸ ಸಿಸಿ1 ಅನ್ನು ತಯಾರಿಸುತ್ತದೆ, ಅದೂ ಲಿಂಕ್ ಆಗುತ್ತದೆ. ಲಿಬ್‌ಜಿಸಿಸಿಯ ಸರದಿ ಬಂದಾಗ ಮೊಟ್ಟಮೊದಲ ಬಾರಿಗೆ ಆ ಹೊಸ ಕಂಪೈಲರ್ ತಾನೇ ಓಡಬೇಕು. ಓಡುವಾಗ ಲೈಬ್ರರಿ ಹುಡುಕುವುದು ಲಿಂಕರ್ ಅಲ್ಲ, ಲೋಡರ್. ಅದಕ್ಕೆ $ಹೋಮ್/ಗಣಿತ/ಲಿಬ್ ಎಂಬ ಜಾಗವೇ ಗೊತ್ತಿಲ್ಲ. ಸಿಸಿ1 ಹುಟ್ಟಿದ ತಕ್ಷಣ ಸಾಯುತ್ತದೆ, ಕಾನ್ಫಿಗರ್‌ಗೆ ಆಬ್ಜೆಕ್ಟ್ ಫೈಲ್ ಸಿಗುವುದಿಲ್ಲ, "ಸಫಿಕ್ಸ್ ಗೊತ್ತಾಗುತ್ತಿಲ್ಲ" ಎಂದು ಅದು ದೂರುತ್ತದೆ. ಆ ಎರರ್ ಮಾತಿನ ಅರ್ಥ ಇಷ್ಟೇ: ಹೊಸ ಕಂಪೈಲರ್‌ನಿಂದ ಒಂದು ಫೈಲನ್ನೂ ಕಂಪೈಲ್ ಮಾಡಲಾಗಲಿಲ್ಲ. ಸಫಿಕ್ಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಲೋಡರ್‌ಗೆ ಜಾಗ ತೋರಿಸುವ ಎಲ್‌ಡಿ_ಲೈಬ್ರರಿ_ಪಾತ್ ಹಾಕಿದರೆ ಬಿಲ್ಡ್ ಮುಂದಕ್ಕೆ ಹೋಗುತ್ತದೆ, ನಿಜ. ಆದರೆ ಇನ್‌ಸ್ಟಾಲ್ ಆದ ಮೇಲೂ ಆ ಸಿಸಿ1ಗೆ ಅದೇ ಮೂರು ಲೈಬ್ರರಿಗಳು ಬೇಕೇ ಬೇಕು. ಆ ವೇರಿಯಬಲ್ ಇಲ್ಲದ ಶೆಲ್‌ನಿಂದಲೋ, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಿಂದಲೋ, ಬೇರೆ ಬಳಕೆದಾರರ ಖಾತೆಯಿಂದಲೋ ಕರೆದರೆ ಕಂಪೈಲರ್ ಕೈಕೊಡುತ್ತದೆ. ಪರಿಸರ ವೇರಿಯಬಲ್ಲಿನ ಊರುಗೋಲಿಲ್ಲದೆ ಕಂಪೈಲರ್ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಬಿಲ್ಡ್ ಸರಿಯಾಗಿದೆ ಎನ್ನಲು ನನ್ನ ಅಳತೆಗೋಲು ಇದೇ.

ಸರಿಯಾದ ದಾರಿ ಸುಲಭವಾದದ್ದೂ ಹೌದು. ಸೋರ್ಸ್ ಡೈರೆಕ್ಟರಿಯ ಒಳಗೆ ನಿಂತು ಇದನ್ನು ಓಡಿಸಿ:

    ./ಕಾಂಟ್ರಿಬ್/ಡೌನ್‌ಲೋಡ್_ಪ್ರೀರಿಕ್ವಿಸಿಟ್ಸ್

ಇದು ಜಿಎಂಪಿ 6.2.1, ಎಂಪಿಎಫ್‌ಆರ್ 4.1.0, ಎಂಪಿಸಿ 1.2.1, ಐಎಸ್‌ಎಲ್ 0.24 ಇವುಗಳನ್ನು ಇಳಿಸಿ, ಚೆಕ್‌ಸಮ್ ತಾಳೆ ನೋಡಿ, ಬಿಚ್ಚಿ, ಜಿಎಂಪಿ, ಎಂಪಿಎಫ್‌ಆರ್ ಎಂಬ ಸರಳ ಹೆಸರಿನ ಸಿಮ್‌ಲಿಂಕ್‌ಗಳನ್ನು ಸೋರ್ಸ್ ಒಳಗೇ ಇಡುತ್ತದೆ. ಆಗ ಜಿಸಿಸಿಯ ಮೇಕ್ ಅವನ್ನು ತನ್ನ ಜೊತೆಗೇ ಸ್ಟ್ಯಾಟಿಕ್ ಆಗಿ ಬಿಲ್ಡ್ ಮಾಡಿ ಸಿಸಿ1ರ ಹೊಟ್ಟೆಯೊಳಗೆ ಸೇರಿಸುತ್ತದೆ. ಪ್ರತ್ಯೇಕವಾಗಿ ಇನ್‌ಸ್ಟಾಲ್ ಆಗುವುದೂ ಇಲ್ಲ. ನೀವು ಬಿಲ್ಡ್ ಮಾಡಿದ ಆವೃತ್ತಿಗಳು ಇವಕ್ಕಿಂತ ಹೊಸವು, ಆದರೂ ಅದರಿಂದ ನಿಮಗೆ ಲಾಭವಿಲ್ಲ. ಐಎಸ್‌ಎಲ್ ಬೇಕಾಗುವುದು ಗ್ರಾಫೈಟ್ ಎಂಬ ಲೂಪ್ ಆಪ್ಟಿಮೈಸೇಶನ್‌ಗಳಿಗೆ ಮಾತ್ರ. ಬೇಡವಾದರೆ ಆ ಸ್ಕ್ರಿಪ್ಟ್‌ಗೆ --ನೋ-ಐಎಸ್‌ಎಲ್ ಕೊಡಿ.

ಸರ್ವರ್‌ಗೆ ಇಂಟರ್ನೆಟ್ ಇಲ್ಲದಿದ್ದರೆ ಸ್ಕ್ರಿಪ್ಟ್ ತೆರೆದು ಅದರಲ್ಲಿರುವ ಹೆಸರಿನ ಟಾರ್ ಫೈಲುಗಳನ್ನೇ ಬೇರೆ ಯಂತ್ರದಲ್ಲಿ ಇಳಿಸಿ, ಸೋರ್ಸ್ ಡೈರೆಕ್ಟರಿಯೊಳಗೆ ತಂದಿಟ್ಟು ಸ್ಕ್ರಿಪ್ಟ್ ಓಡಿಸಿ. ಫೈಲ್ ಇದ್ದರೆ ಅದು ಮತ್ತೆ ಇಳಿಸುವುದಿಲ್ಲ.

ಕೈಯಾರೆ ಬಿಲ್ಡ್ ಮಾಡಿದ ಲೈಬ್ರರಿಗಳೇ ಬೇಕೆಂದರೆ ಮೂರನ್ನೂ --ಡಿಸೇಬಲ್-ಶೇರ್ಡ್ ಕೊಟ್ಟು ಮತ್ತೆ ಕಂಪೈಲ್ ಮಾಡಿ. ಮೊದಲು ಜಿಎಂಪಿ, ಆಮೇಲೆ ಅದನ್ನು ತೋರಿಸಿ ಎಂಪಿಎಫ್‌ಆರ್, ಕೊನೆಗೆ ಎರಡನ್ನೂ ತೋರಿಸಿ ಎಂಪಿಸಿ. ಹಳೆಯ .ಎಸ್‌ಒ (ಶೇರ್ಡ್) ಫೈಲುಗಳನ್ನು ಅಲ್ಲಿಂದ ತೆಗೆಯಲು ಮರೆಯಬೇಡಿ. .ಎಸ್‌ಒ ಮತ್ತು .ಎ (ಸ್ಟ್ಯಾಟಿಕ್) ಎರಡೂ ಪಕ್ಕಪಕ್ಕದಲ್ಲಿದ್ದರೆ ಲಿಂಕರ್ ಆರಿಸುವುದು .ಎಸ್‌ಒ ಅನ್ನೇ.

ಯಾವುದೇ ದಾರಿ ಹಿಡಿದರೂ ಈಗಿನ ಬಿಲ್ಡ್ ಡೈರೆಕ್ಟರಿಯನ್ನು ಪೂರ್ತಿ ಅಳಿಸಿ. ಮೇಕ್ ಕ್ಲೀನ್ ಸಾಲದು. ಹಳೆಯ ಕಾನ್ಫಿಗರ್ ಉತ್ತರಗಳು ಒಳಗಿನ ಡೈರೆಕ್ಟರಿಗಳಲ್ಲಿ ಉಳಿದುಕೊಂಡಿರುತ್ತವೆ.

    ಆರ್‌ಎಂ -ಆರ್‌ಎಫ್ ಬಿಲ್ಡ್ && ಎಂಕೆಡಿರ್ ಬಿಲ್ಡ್ && ಸಿಡಿ ಬಿಲ್ಡ್
    ../ಜಿಸಿಸಿ-14.2.0/ಕಾನ್ಫಿಗರ್ --ಪ್ರಿಫಿಕ್ಸ್=$ಹೋಮ್/ಆಪ್ಟ್/ಜಿಸಿಸಿ-14 --ಎನೇಬಲ್-ಲ್ಯಾಂಗ್ವೇಜಸ್=ಸಿ,ಸಿ++ --ಡಿಸೇಬಲ್-ಮಲ್ಟಿಲಿಬ್

ಮೂರು --ವಿತ್ ಆಯ್ಕೆಗಳನ್ನು ಇಲ್ಲಿ ಕೈಬಿಟ್ಟಿರುವುದನ್ನು ಗಮನಿಸಿ. ಪ್ರಿಫಿಕ್ಸ್‌ನಲ್ಲಿ ನೀವು $ಹೋಮ್ ಬರೆದದ್ದು ಒಳ್ಳೆಯದಾಯಿತು. ಅಲ್ಲಿ ~ ಚಿಹ್ನೆ ಹಾಕಿದರೆ ಬ್ಯಾಷ್ ಅದನ್ನು ಬಿಡಿಸುವುದಿಲ್ಲ, ಪೂರ್ತಿ ಪಾತ್ ಕೊಡಿ ಎಂದು ಕಾನ್ಫಿಗರ್ ನಿಲ್ಲುತ್ತದೆ. --ಡಿಸೇಬಲ್-ಮಲ್ಟಿಲಿಬ್ ಕೂಡ ಇರಲಿ. ಅದಿಲ್ಲದಿದ್ದರೆ 32 ಬಿಟ್ ಲೈಬ್ರರಿಗಳನ್ನೂ ಬಿಲ್ಡ್ ಮಾಡಲು ಹೋಗುತ್ತದೆ, 32 ಬಿಟ್ ಜಿಲಿಬ್‌ಸಿ ಹೆಡರ್‌ಗಳಿಲ್ಲದ ಯಂತ್ರದಲ್ಲಿ ಮುಗ್ಗರಿಸುತ್ತದೆ.

ಇನ್ನೊಂದು ಮಾತು: ಶೆಲ್‌ನಲ್ಲಿ ಲೈಬ್ರರಿ_ಪಾತ್, ಸಿಪಾತ್, ಸಿ_ಇನ್‌ಕ್ಲೂಡ್_ಪಾತ್ ಇವೇನಾದರೂ ಇದ್ದರೆ ಅನ್‌ಸೆಟ್ ಮಾಡಿ. "ಲೈಬ್ರರಿ_ಪಾತ್ ಶುಡಂಟ್ ಕಂಟೈನ್ ದ ಕರೆಂಟ್ ಡೈರೆಕ್ಟರಿ" ಎಂಬ ಎರರ್ ಬರುವುದು ಸಾಮಾನ್ಯವಾಗಿ ಕೊನೆಯಲ್ಲಿ ಉಳಿದ ಒಂದು : ಚಿಹ್ನೆಯಿಂದ. ಅದರ ಮುಂದೆ ಏನೂ ಇಲ್ಲದಿದ್ದರೆ ಅದನ್ನು ಈಗಿರುವ ಡೈರೆಕ್ಟರಿ ಎಂದೇ ಓದಿಕೊಳ್ಳಲಾಗುತ್ತದೆ.

ಹೊಸಬಿಲ್ಡ್

ತುಂಬಾ ಧನ್ಯವಾದಗಳು. ಲಿಬ್‌ಜಿಸಿಸಿ ಒಳಗಿನ ಲಾಗ್‌ನಲ್ಲಿ ನೀವು ಹೇಳಿದ ಲಿಬ್‌ಎಂಪಿಸಿ.ಎಸ್‌ಒ.3 ಸಾಲು ಹಾಗೇ ಇತ್ತು. ಡೌನ್‌ಲೋಡ್_ಪ್ರೀರಿಕ್ವಿಸಿಟ್ಸ್ ಓಡಿಸಿ, ಎಲ್ಲ ಅಳಿಸಿ ಹೊಸದಾಗಿ ಶುರುಮಾಡಿದೆ. ಸ್ಟೇಜ್ 1 ದಾಟಿತು. ಈಗ ಸ್ಟೇಜ್ 2ರಲ್ಲಿ ಇನ್‌ಸ್ನ್-ರೆಕಾಗ್.ಸಿಸಿ ಕಂಪೈಲ್ ಆಗುವಾಗ:

    ಎಕ್ಸ್‌ಜಿ++: ಫೇಟಲ್ ಎರರ್: ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್

ಮತ್ತೆ ಎಲ್ಲ ಅಳಿಸಿ ಮೊದಲಿನಿಂದ ಮಾಡಬೇಕೇ? ಸಮಯ ಉಳಿಸಲು --ಡಿಸೇಬಲ್-ಬೂಟ್‌ಸ್ಟ್ರಾಪ್ ಕೊಡಬಹುದೇ?

ಮೂರುಸ್ಟೇಜ್

ಅಳಿಸಬೇಡಿ. ಇದು ಜಿಸಿಸಿಯ ದೋಷವಲ್ಲ, ಮೆಮೊರಿ ಸಾಲದೆ ಕರ್ನಲ್ ಸಿಸಿ1ಪ್ಲಸ್ (ಸಿ++ ಕಂಪೈಲ್ ಮಾಡುವ ಪ್ರೋಗ್ರಾಂ) ಅನ್ನು ಕೊಂದಿದೆ. ಹಳೆಯ ಜಿಸಿಸಿಗಳಲ್ಲಿ ಇದೇ ಸಂಗತಿ "ಇಂಟರ್ನಲ್ ಕಂಪೈಲರ್ ಎರರ್: ಕಿಲ್ಡ್" ಎಂದು ಕಾಣಿಸುತ್ತದೆ. ಅದನ್ನು ನೋಡಿ ಕಂಪೈಲರ್‌ನ ಬಗ್ ಎಂದು ತಿಳಿದುಕೊಂಡು ತಲೆಕೆಡಿಸಿಕೊಂಡವರು ಬಹಳ. ಡಿಎಂಇಎಸ್‌ಜಿ (ಕರ್ನಲ್‌ನ ಸಂದೇಶಗಳು) ನೋಡಲು ಅನುಮತಿ ಇದ್ದರೆ ಅದರಲ್ಲಿ "ಔಟ್ ಆಫ್ ಮೆಮೊರಿ" ಎಂಬ ಸಾಲು ಇರುತ್ತದೆ.

ಕಾನ್ಫಿಗರ್ ಆಯ್ಕೆ ಬದಲಾದರೆ ಡೈರೆಕ್ಟರಿ ಅಳಿಸಬೇಕು. ಮಧ್ಯದಲ್ಲಿ ಕಂಪೈಲ್ ನಿಂತಿದ್ದರೆ ಅದೇ ಡೈರೆಕ್ಟರಿಯಲ್ಲಿ ಮೇಕ್ ಮತ್ತೆ ಓಡಿಸಿದರೆ ಸಾಕು, ಬಿಟ್ಟಲ್ಲಿಂದ ಮುಂದುವರಿಯುತ್ತದೆ:

    ಮೇಕ್ -ಜೆ4

ಒಂದು ಜಾಬ್‌ಗೆ 1.5ರಿಂದ 2 ಜಿಬಿ ಎಂದು ಲೆಕ್ಕ ಹಾಕಿ. 8 ಜಿಬಿಗೆ 4 ಸರಿಯಾದ ಸಂಖ್ಯೆ. ಕೋರ್ ಎಷ್ಟಿದ್ದರೂ ಇಲ್ಲಿ ರ‍್ಯಾಮ್ ಹೇಳಿದ್ದೇ ನಡೆಯುವುದು. ಇನ್‌ಸ್ನ್-ರೆಕಾಗ್ ನಂಥ ಫೈಲುಗಳನ್ನು ಯಾರೂ ಕೈಯಲ್ಲಿ ಬರೆದದ್ದಲ್ಲ, ಪ್ರೊಸೆಸರ್‌ನ ವಿವರಣೆಯಿಂದ ಬಿಲ್ಡ್ ಹೊತ್ತಿನಲ್ಲೇ ಹುಟ್ಟುವಂಥವು, ಬಲು ದೊಡ್ಡವು. ಜಿಂಪಲ್-ಮ್ಯಾಚ್.ಸಿಸಿ ಕೂಡ ಹಾಗೇ ಇತ್ತು. 14ರಲ್ಲಿ ಅದನ್ನು ಹಲವು ತುಂಡು ಮಾಡಿದ್ದಾರೆ, ಹಾಗಾಗಿ ಮೊದಲಿನಷ್ಟು ಕಾಡುವುದಿಲ್ಲ.

ಮುಂದೆ ಇನ್ನೊಂದು ಇಕ್ಕಟ್ಟಿನ ಜಾಗ ಇದೆ: ಸಿಸಿ1, ಸಿಸಿ1ಪ್ಲಸ್, ಎಲ್‌ಟಿಒ1 ಮೂರೂ ಒಟ್ಟೊಟ್ಟಿಗೆ ಲಿಂಕ್ ಆಗುವ ಗಳಿಗೆ. ಡಿಬಗ್ ಮಾಹಿತಿಯೂ ಸೇರಿರುವುದರಿಂದ ಪ್ರತಿಯೊಂದು ಲಿಂಕ್ ಕೂಡ ಮೆಮೊರಿಯನ್ನು ಧಾರಾಳವಾಗಿ ನುಂಗುತ್ತದೆ. ಅಲ್ಲೂ ಸತ್ತರೆ ಮೇಕ್ -ಜೆ1 ಎಂದು ಓಡಿಸಿ ಆ ಲಿಂಕ್ ದಾಟಿಸಿಕೊಳ್ಳಿ, ಆಮೇಲೆ ಮತ್ತೆ -ಜೆ4. ಮುಂದಿನ ಸಲ ಹೊಸದಾಗಿ ಮಾಡುವಾಗ ಕಾನ್ಫಿಗರ್‌ಗೆ --ಎನೇಬಲ್-ಲಿಂಕ್-ಸೀರಿಯಲೈಸೇಶನ್=1 ಕೊಟ್ಟರೆ ಲಿಂಕ್‌ಗಳು ಒಂದಾದ ಮೇಲೊಂದು ನಡೆಯುತ್ತವೆ. ಈ ಆಯ್ಕೆ ಜಿಸಿಸಿ 11ರಿಂದ ಇದೆ.

ಬೂಟ್‌ಸ್ಟ್ರಾಪ್ (ಕಂಪೈಲರ್ ತನ್ನನ್ನೇ ಮೂರು ಹಂತಗಳಲ್ಲಿ ಕಟ್ಟಿಕೊಳ್ಳುವುದು) ವಿಷಯ. ನಿಮ್ಮ ಸಂದರ್ಭದಲ್ಲಿ ಅದನ್ನು ಬಿಡಬೇಡಿ ಎಂದೇ ಹೇಳುತ್ತೇನೆ. ಸ್ಟೇಜ್ 1 ಅನ್ನು ಕಟ್ಟುವುದು ಹಳೆಯ 4.8.5. ಸ್ಟೇಜ್ 1 ಕಂಪೈಲರ್ ಸ್ಟೇಜ್ 2 ಅನ್ನು ಕಟ್ಟುತ್ತದೆ, ಸ್ಟೇಜ್ 2 ಸ್ಟೇಜ್ 3 ಅನ್ನು ಕಟ್ಟುತ್ತದೆ. 2 ಮತ್ತು 3 ಎರಡೂ ಒಂದೇ ಸೋರ್ಸ್‌ನಿಂದ, ಒಂದೇ ರೀತಿ ವರ್ತಿಸಬೇಕಾದ ಕಂಪೈಲರ್‌ಗಳಿಂದ ಬಂದವು. ಆದ್ದರಿಂದ ಅವುಗಳ ಆಬ್ಜೆಕ್ಟ್ ಫೈಲುಗಳು ಒಂದೇ ಆಗಿರಬೇಕು. ಮೇಕ್ ಕೊನೆಯಲ್ಲಿ ಅದನ್ನು ಹೋಲಿಸಿ ನೋಡುತ್ತದೆ. ಹಳೆಯ ಕಂಪೈಲರ್‌ನಲ್ಲಿ ಒಂದು ತಪ್ಪಿದ್ದು ಅದು ಸ್ಟೇಜ್ 1ಕ್ಕೆ ಅಂಟಿಕೊಂಡಿದ್ದರೆ ಅದು ಸಿಕ್ಕಿಬೀಳುವುದು ಬಹುಮಟ್ಟಿಗೆ ಇಲ್ಲೇ. ಬೂಟ್‌ಸ್ಟ್ರಾಪ್ ಬಿಟ್ಟರೆ ಸಮಯ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ, ಆದರೆ ನಿಮ್ಮ ಕೈಗೆ ಬರುವುದು 4.8.5 ಕಟ್ಟಿದ, ಯಾರೂ ತಾಳೆ ನೋಡದ ಕಂಪೈಲರ್. ಹತ್ತಿರದ ಆವೃತ್ತಿಯಿಂದ, ಅಂದರೆ 13ರಿಂದ 14 ಕಟ್ಟುವಾಗ, ಪ್ರಯೋಗಕ್ಕೆಂದು ಬಿಡಬಹುದು.

"ಬೂಟ್‌ಸ್ಟ್ರಾಪ್ ಕಂಪ್ಯಾರಿಸನ್ ಫೇಲ್ಯೂರ್" ಬಂದರೆ ಮೊದಲು ಸಿಫ್ಲ್ಯಾಗ್ಸ್‌ನಲ್ಲಿ ನೀವೇನಾದರೂ ಸೇರಿಸಿದ್ದೀರಾ ನೋಡಿ, ತೆಗೆಯಿರಿ. ಸೆಗ್‌ಫಾಲ್ಟ್ ಬರುತ್ತಿದ್ದು, ಮತ್ತೆ ಓಡಿಸಿದಾಗ ಪ್ರತಿ ಸಲವೂ ಬೇರೆ ಬೇರೆ ಫೈಲ್‌ನಲ್ಲಿ ಬಂದರೆ ರ‍್ಯಾಮ್ ಮತ್ತು ಬಿಸಿಯನ್ನು ಅನುಮಾನಿಸಿ. ಬಗ್ ಇದ್ದಿದ್ದರೆ ಅದೇ ಜಾಗದಲ್ಲಿ ಬರುತ್ತಿತ್ತು.

ಡಿಸ್ಕ್‌ನಲ್ಲಿ 10 ಜಿಬಿಯಷ್ಟು ಖಾಲಿ ಇಟ್ಟುಕೊಳ್ಳಿ. ಕೋಟಾ ಕಡಿಮೆ ಇದ್ದರೆ ಮೇಕ್ ಬೂಟ್‌ಸ್ಟ್ರಾಪ್-ಲೀನ್ ಎಂಬ ಟಾರ್ಗೆಟ್ ಇದೆ, ಮುಗಿದ ಸ್ಟೇಜ್‌ನ ಆಬ್ಜೆಕ್ಟ್‌ಗಳನ್ನು ಅದು ಅಳಿಸುತ್ತಾ ಹೋಗುತ್ತದೆ.

ಔಟ್‌ಪುಟ್ ಅನ್ನು ಫೈಲ್‌ಗೆ ಹಿಡಿದಿಡುವಾಗ ಒಂದು ಎಚ್ಚರಿಕೆ:

    ಸೆಟ್ -ಒ ಪೈಪ್‌ಫೇಲ್
    ಮೇಕ್ -ಜೆ4 2>&1 | ಟೀ ಬಿಲ್ಡ್.ಲಾಗ್ && ಮೇಕ್ ಇನ್‌ಸ್ಟಾಲ್-ಸ್ಟ್ರಿಪ್

ಮೊದಲ ಸಾಲು ಬಿಟ್ಟರೆ, ಮೇಕ್ ಸೋತರೂ ಟೀ ಗೆದ್ದಿರುತ್ತದೆ, ಇನ್‌ಸ್ಟಾಲ್ ಶುರುವಾಗಿಬಿಡುತ್ತದೆ. ಹಾಗೆಯೇ ಲಾಗ್‌ನ ಕೊನೆಯ ಸಾಲು ಎಂದೂ ಕಾರಣವಲ್ಲ. ಒಟ್ಟಿಗೆ ನಾಲ್ಕು ಜಾಬ್ ಓಡುತ್ತಿರುವಾಗ ಒಂದು ಸತ್ತ ಮೇಲೂ ಉಳಿದ ಮೂರು ಮುಗಿಯುವವರೆಗೆ ಬರೆಯುತ್ತಲೇ ಇರುತ್ತವೆ. ಮೇಲಿನಿಂದ "ಎರರ್" ಎಂದು ಗ್ರೆಪ್ ಮಾಡಿ, ಮೊದಲು ಸಿಕ್ಕಿದ್ದನ್ನು ನಂಬಿ.

ಇನ್‌ಸ್ಟಾಲ್ ಬದಲು ಇನ್‌ಸ್ಟಾಲ್-ಸ್ಟ್ರಿಪ್ ಬರೆದಿರುವುದು ಬೇಕೆಂದೇ. ಡಿಬಗ್ ಮಾಹಿತಿ ಸಮೇತ ಸಿಸಿ1ಪ್ಲಸ್ ಒಂದೇ ನೂರಾರು ಎಂಬಿ ಇರುತ್ತದೆ, ಸ್ಟ್ರಿಪ್ ಮಾಡಿದರೆ ಕೆಲವೇ ಹತ್ತು ಎಂಬಿಗೆ ಇಳಿಯುತ್ತದೆ.

ಹೊಸಬಿಲ್ಡ್

-ಜೆ4 ಹಾಕಿದ ಮೇಲೆ ಮೂರು ಸ್ಟೇಜ್ ಮುಗಿದು, ಹೋಲಿಕೆಯೂ ಪಾಸಾಗಿ ಇನ್‌ಸ್ಟಾಲ್ ಆಯಿತು. ಜಿ++ --ವರ್ಷನ್ 14.2.0 ತೋರಿಸುತ್ತದೆ. ಐಒಸ್ಟ್ರೀಮ್ ಬಳಸಿದ ನಾಲ್ಕು ಸಾಲಿನ ಪ್ರೋಗ್ರಾಂ ಕಂಪೈಲ್ ಆಗುತ್ತದೆ, ಓಡಿಸಿದರೆ ಮಾತ್ರ:

    ./ಎ.ಔಟ್: /ಲಿಬ್64/ಲಿಬ್‌ಎಸ್‌ಟಿಡಿಸಿ++.ಎಸ್‌ಒ.6: ವರ್ಷನ್ 'ಜಿಲಿಬ್‌ಸಿಎಕ್ಸ್‌ಎಕ್ಸ್_3.4.32' ನಾಟ್ ಫೌಂಡ್

ಕಂಪೈಲರ್ ಸರಿಯಾಗಿ ಓಡುತ್ತಿದೆ, ಅದು ಕಂಪೈಲ್ ಮಾಡಿದ್ದು ಓಡುವುದಿಲ್ಲ. ಇನ್‌ಸ್ಟಾಲ್ ತಪ್ಪಾಗಿದೆಯೇ?

ಲಿಂಕರ್‌ನೋಟ

ಇನ್‌ಸ್ಟಾಲ್ ಸರಿಯಾಗಿಯೇ ಆಗಿದೆ. ಮೊದಲ ಸಮಸ್ಯೆಯ ತಮ್ಮ ಇದು: ಲಿಂಕ್ ಹೊತ್ತಿನಲ್ಲಿ ಸಿಕ್ಕಿದ ಲೈಬ್ರರಿ ಓಡುವ ಹೊತ್ತಿನಲ್ಲಿ ಸಿಗುತ್ತಿಲ್ಲ. ಜಿ++ ತನ್ನ ಹೊಸ ಲಿಬ್‌ಎಸ್‌ಟಿಡಿಸಿ++ (ಸಿ++ ಲೈಬ್ರರಿ) ಜೊತೆಗೇ ಲಿಂಕ್ ಮಾಡಿದೆ, ಅದು $ಹೋಮ್/ಆಪ್ಟ್/ಜಿಸಿಸಿ-14/ಲಿಬ್64 ಒಳಗಿದೆ. ಲೋಡರ್ ಮಾತ್ರ ಸಿಸ್ಟಮ್‌ನ ಹಳೆಯದನ್ನು ಎತ್ತಿಕೊಂಡಿದೆ. 4.8.5ರ ಲೈಬ್ರರಿಯಲ್ಲಿ ಆ ಸರಣಿ 3.4.19ಕ್ಕೇ ಮುಗಿಯುತ್ತದೆ. ಜಿಸಿಸಿ 13.2ರಿಂದ ಈಚೆಗೆ ಬರೀ ಐಒಸ್ಟ್ರೀಮ್ ಸೇರಿಸಿದರೂ 3.4.32 ಬೇಕಾಗುತ್ತದೆ, ಅದಕ್ಕೇ ನಾಲ್ಕು ಸಾಲಿನ ಪ್ರೋಗ್ರಾಂ ಕೂಡ ಓಡಲಿಲ್ಲ. ಕಂಪೈಲರ್ ಓಡುತ್ತಿರುವುದು ಯಾಕೆಂದರೆ ಸಿಸಿ1ಪ್ಲಸ್ ಅನ್ನು ಲಿಬ್‌ಎಸ್‌ಟಿಡಿಸಿ++ ಸ್ಟ್ಯಾಟಿಕ್ ಆಗಿ ಸೇರಿಸಿಯೇ ಲಿಂಕ್ ಮಾಡಲಾಗುತ್ತದೆ.

ನನ್ನ ಆಯ್ಕೆ ಆರ್‌ಪಾತ್:

    ಜಿ++ ಹಲೋ.ಸಿಸಿ -ಡಬ್ಲ್ಯುಎಲ್,-ಆರ್‌ಪಾತ್,$ಹೋಮ್/ಆಪ್ಟ್/ಜಿಸಿಸಿ-14/ಲಿಬ್64

ಲೈಬ್ರರಿಯ ಜಾಗ ಪ್ರೋಗ್ರಾಂ ಒಳಗೇ ದಾಖಲಾಗುತ್ತದೆ. ರೀಡ್‌ಎಲ್ಫ್ -ಡಿ ಎ.ಔಟ್ ಓಡಿಸಿದರೆ ಆ ಸಾಲು ಕಾಣುತ್ತದೆ, ಎಲ್‌ಡಿಡಿ ಎ.ಔಟ್ ಹೊಸ ಲಿಬ್64 ತೋರಿಸಬೇಕು. ಪ್ರತಿ ಸಲ ಬರೆಯುವುದು ಬೇಡವೆಂದರೆ ಎಲ್‌ಡಿ_ರನ್_ಪಾತ್ ವೇರಿಯಬಲ್‌ನಲ್ಲಿ ಆ ಜಾಗ ಇಡಿ. ಆಜ್ಞೆಯಲ್ಲಿ -ಆರ್‌ಪಾತ್ ಬೇರೆ ಇಲ್ಲದಿದ್ದಾಗ ಲಿಂಕರ್ ಅದನ್ನು ಬಳಸುತ್ತದೆ. ಇದು ಲಿಂಕ್ ಹೊತ್ತಿನಲ್ಲಷ್ಟೇ ಬೇಕು, ಪ್ರೋಗ್ರಾಂ ಓಡುವಾಗ ಬೇಡ.

ಪ್ರೋಗ್ರಾಂ ಅನ್ನು ಬೇರೆ ಯಂತ್ರಕ್ಕೆ ಒಯ್ಯಬೇಕಾದರೆ -ಸ್ಟ್ಯಾಟಿಕ್-ಲಿಬ್‌ಎಸ್‌ಟಿಡಿಸಿ++ -ಸ್ಟ್ಯಾಟಿಕ್-ಲಿಬ್‌ಜಿಸಿಸಿ ಕೊಡಿ. ಶೇರ್ಡ್ ಲೈಬ್ರರಿಗಳ ಗಡಿ ದಾಟಿ ಎಕ್ಸೆಪ್ಶನ್ ಎಸೆಯುವ ಪ್ರೋಗ್ರಾಂ ಆದರೆ -ಸ್ಟ್ಯಾಟಿಕ್-ಲಿಬ್‌ಜಿಸಿಸಿ ಬೇಡ, ಅಲ್ಲಿ ಎಲ್ಲರೂ ಒಂದೇ ಶೇರ್ಡ್ ಲಿಬ್‌ಜಿಸಿಸಿ ಹಂಚಿಕೊಳ್ಳಬೇಕು.

ಏನೇ ಆದರೂ /ಲಿಬ್64 ಒಳಗಿನ ಫೈಲ್ ಮೇಲೆ ಹೊಸದನ್ನು ನಕಲಿಸಲು ಹೋಗಬೇಡಿ, ಯಾರಾದರೂ ರೂಟ್ ಅನುಮತಿ ಕೊಟ್ಟರೂ ಸಹ. ಅದು ಸಿಸ್ಟಮ್‌ನ ಪ್ಯಾಕೇಜ್‌ಗೆ ಸೇರಿದ್ದು, ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ಹಳೆಯದೇ ಬಂದು ಕೂರುತ್ತದೆ.

ಆಬ್ಜ್‌ಡಂಪ್

ಮೂರು ವಿಷಯ ಸೇರಿಸುತ್ತೇನೆ.

ಹಳೆಯ ಸಿಸ್ಟಮ್‌ನಲ್ಲಿ ಕಂಪೈಲರ್ ಮಾತ್ರ ಹೊಸದಾಗಿ, ಬಿನ್‌ಯುಟಿಲ್ಸ್ (ಅಸೆಂಬ್ಲರ್, ಲಿಂಕರ್ ಇರುವ ಪ್ಯಾಕೇಜ್) ಹಳೆಯದೇ ಉಳಿದರೆ, ಯಂತ್ರದ ಪ್ರೊಸೆಸರ್‌ಗೇ ತಕ್ಕಂತೆ ಕಂಪೈಲ್ ಮಾಡಿಸುವ -ಮಾರ್ಚ್=ನೇಟಿವ್ ಕೊಟ್ಟಾಗ "ನೋ ಸಚ್ ಇನ್‌ಸ್ಟ್ರಕ್ಷನ್" ಎಂದು ಅಸೆಂಬ್ಲರ್ ದೂರಬಹುದು. ಜಿಸಿಸಿ ಬರೆಯುವುದು ಅಸೆಂಬ್ಲಿ ಪಠ್ಯ ಮಾತ್ರ, ಅದನ್ನು ಯಂತ್ರಭಾಷೆಗೆ ಇಳಿಸುವುದು ಬಿನ್‌ಯುಟಿಲ್ಸ್‌ನ ಎಎಸ್. ಹೊಸ ಪ್ರೊಸೆಸರ್‌ನ ಆಜ್ಞೆಗಳು ಹಳೆಯ ಎಎಸ್‌ಗೆ ಗೊತ್ತಿರುವುದಿಲ್ಲ. ಹೊಸ ಬಿನ್‌ಯುಟಿಲ್ಸ್ ಅನ್ನು ಅದೇ ಪ್ರಿಫಿಕ್ಸ್‌ಗೆ ಇನ್‌ಸ್ಟಾಲ್ ಮಾಡಿ, ಅದರ ಬಿನ್ ಅನ್ನು ಪಾತ್‌ನಲ್ಲಿ ಮುಂದಿಟ್ಟು, ಆಮೇಲೆ ಜಿಸಿಸಿ ಕಾನ್ಫಿಗರ್ ಮಾಡುವುದು ಸರಿಯಾದ ಕ್ರಮ. ಅಸೆಂಬ್ಲರ್‌ಗೆ ಏನೇನು ಗೊತ್ತು ಎಂಬುದನ್ನು ಜಿಸಿಸಿ ಕಾನ್ಫಿಗರ್ ಹೊತ್ತಿನಲ್ಲೇ ಪರೀಕ್ಷಿಸಿ ಬರೆದಿಟ್ಟುಕೊಳ್ಳುತ್ತದೆ, ಹಾಗಾಗಿ ಆಮೇಲೆ ಎಎಸ್ ಬದಲಿಸಿದರೆ ಪೂರ್ತಿ ಪ್ರಯೋಜನ ಸಿಗುವುದಿಲ್ಲ.

ಎರಡನೆಯದು, ಮುಂದೆ ಜಿಸಿಸಿ 15ಕ್ಕೆ ಹೋಗುವಾಗ 4.8.5ರಿಂದ ನೇರ ಹಾರಲು ಬರುವುದಿಲ್ಲ. 11ರಿಂದ 14ರವರೆಗಿನ ಸೋರ್ಸ್‌ಗೆ ಸಿ++11 ತಿಳಿದ ಕಂಪೈಲರ್ ಸಾಕು, 15ಕ್ಕೆ ಸಿ++14 ಬೇಕು. ಈಗ ಕಟ್ಟಿದ 14 ಅನ್ನೇ ಮೆಟ್ಟಿಲು ಮಾಡಿಕೊಳ್ಳಿ. ಕಾನ್ಫಿಗರ್ ಮುನ್ನ ಸಿಸಿ ಮತ್ತು ಸಿಎಕ್ಸ್‌ಎಕ್ಸ್ ವೇರಿಯಬಲ್‌ಗಳಲ್ಲಿ ಅದರ ಪೂರ್ತಿ ಪಾತ್ ಕೊಟ್ಟರೆ ಆಯಿತು.

ಮೂರನೆಯದು, ಕಟ್ಟಿದ ಕಂಪೈಲರ್‌ನ ಪರೀಕ್ಷೆಗೆ ಡೆಜಾಗ್ನು (ಪರೀಕ್ಷೆಗಳನ್ನು ಓಡಿಸುವ ಸಲಕರಣೆ) ಇರಬೇಕು. ಬಿಲ್ಡ್ ಡೈರೆಕ್ಟರಿಯನ್ನು ಅಳಿಸುವ ಮೊದಲೇ ಮೇಕ್ -ಕೆ ಚೆಕ್ ಓಡಿಸಿ. -ಕೆ ಇಲ್ಲದಿದ್ದರೆ ಮೊದಲ ಸೋಲಿಗೇ ನಿಲ್ಲುತ್ತದೆ. ಕೆಲವು ಪರೀಕ್ಷೆಗಳು ಸೋಲುವುದು ಸಹಜ, ಒಂದೆರಡು "ಅನೆಕ್ಸ್‌ಪೆಕ್ಟೆಡ್ ಫೇಲ್ಯೂರ್" ನೋಡಿ ಬಿಲ್ಡ್ ಎಸೆಯಬೇಡಿ. ../ಜಿಸಿಸಿ-14.2.0/ಕಾಂಟ್ರಿಬ್/ಟೆಸ್ಟ್_ಸಮ್ಮರಿ ಓಡಿಸಿದರೆ ಎಲ್ಲ ಫಲಿತಾಂಶ ಒಂದೆಡೆ ಸಿಗುತ್ತದೆ.

ಹೊಸಬಿಲ್ಡ್

ಆರ್‌ಪಾತ್ ಕೊಟ್ಟ ಮೇಲೆ ಪ್ರೋಗ್ರಾಂ ಓಡಿತು. ಎಲ್‌ಡಿಡಿ ಹೊಸ ಲಿಬ್64 ಅನ್ನೇ ತೋರಿಸುತ್ತಿದೆ. ಎಲ್‌ಡಿ_ಲೈಬ್ರರಿ_ಪಾತ್ ಖಾಲಿ ಇರುವ ಹೊಸ ಶೆಲ್‌ನಲ್ಲೂ, ಕ್ರಾನ್‌ನಿಂದಲೂ ಕಂಪೈಲ್ ಮಾಡಿ ನೋಡಿದೆ, ಎರಡೂ ಕಡೆ ಸರಿಯಾಗಿದೆ. ಬಿನ್‌ಯುಟಿಲ್ಸ್ ಹಾಕಿಕೊಂಡು ಇನ್ನೊಮ್ಮೆ ಬಿಲ್ಡ್ ಮಾಡುವಾಗ ಲಿಂಕ್-ಸೀರಿಯಲೈಸೇಶನ್ ಆಯ್ಕೆಯನ್ನೂ ಸೇರಿಸುತ್ತೇನೆ. ಎಲ್ಲರಿಗೂ ಧನ್ಯವಾದ.